ಬಾವುಟ ಏರಿತ್ತು, ಅಧಿಕಾರ ಬಂದಿರಲಿಲ್ಲ

ತಿಪಟೂರಿನ ನನ್ನ ಟೈಪಿಂಗ್ ಶಾಲೆಗೆ ಬರುವ ಹುಡುಗರಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ನೌಕಾಪಡೆಗೆ ಅರ್ಜಿ ಹಾಕುತ್ತಾರೆ. ಹಾಕಿದ ಮೇಲೆ ಮೆಷಿನ್ನಿನ ಮೇಲೆ ಬೆರಳಾಡಿಸುತ್ತ ನನ್ನನ್ನು ಓರೆಗಣ್ಣಿನಿಂದ ಅಳೆಯುತ್ತಾರೆ. ಹದಿನೈದು ವರ್ಷ ನೌಕಾಪಡೆಯಲ್ಲಿದ್ದು ಬಂದವನೆಂದರೆ ತೋಳಿನ ಮೇಲೆ ಲಂಗರಿನ ಹಚ್ಚೆ ಇರಬೇಕು, ದನಿ ಗಡಸಾಗಿರಬೇಕು ಎಂದು ಅವರ ಅಂದಾಜು. ನನಗೆ ಎರಡೂ ಇಲ್ಲ. ಶಾಲೆಗೆ ಬೀಗ ಹಾಕಿ ಮನೆಗೆ ಹೋದವನು, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಬಂದು ಎಳೆದು ನೋಡುವ ಜಾತಿ ನಾನು. ಈ ಸ್ವಭಾವದವನನ್ನು ಸಮುದ್ರ ಕಾಯುವ ಕೆಲಸಕ್ಕೆ ತೆಗೆದುಕೊಂಡ ದೇಶ ಇನ್ನೂ ಕ್ಷೇಮವಾಗಿದೆ ಎಂದರೆ ಅದರಲ್ಲಿ ನನ್ನ ಪಾತ್ರ ಬಹಳ ಕಡಿಮೆಯಿತ್ತು ಎಂದೇ ಅರ್ಥ.

ನಿವೃತ್ತನಾಗಿ ಊರಿಗೆ ಬಂದಾಗ ನನಗೆ ಮೂವತ್ತೈದು ದಾಟಿತ್ತಷ್ಟೆ. ನಮ್ಮ ಕಡೆ ಆ ವಯಸ್ಸಿಗೆ ಎಷ್ಟೋ ಜನಕ್ಕೆ ಮನೆಯ ಯಜಮಾನಿಕೆಯೇ ಬಂದಿರುವುದಿಲ್ಲ. ನನಗೆ ಪೆನ್ಷನ್ ಬಂದಿತ್ತು. ಈಗ ನಡುವಯಸ್ಸಿನಲ್ಲಿ ಕೂತು ಬರೆಯುತ್ತಿರುವುದು ಆ ಅರ್ಜಿ ಹಾಕುವ ಹುಡುಗರಿಗಾಗಿ. ಬಡ್ತಿ ಯಾವಾಗ, ಸಂಬಳ ಎಷ್ಟು ಎಂಬುದನ್ನು ಭರ್ತಿ ಕಚೇರಿಯವರು ಅಚ್ಚು ಹಾಕಿಸಿ ಕೊಡುತ್ತಾರೆ. ಅವರು ಅಚ್ಚು ಹಾಕಿಸದೇ ಇರುವುದನ್ನು ಹೇಳುತ್ತೇನೆ.

ನಾನು ಅಲ್ಲಿ ರೈಟರ್ ಆಗಿದ್ದೆ. ಹಡಗಿನ ಕಚೇರಿಯ ಗುಮಾಸ್ತನನ್ನು ನೌಕಾಪಡೆಯಲ್ಲಿ ಹಾಗೆ ಕರೆಯುತ್ತಾರೆ. ಮೊದಲ ರಜೆಗೆ ತುರುವೇಕೆರೆ ಪಕ್ಕದ ನಮ್ಮೂರಿಗೆ ಬಂದಾಗ ದೊಡ್ಡಪ್ಪ ಜಗಲಿಯ ಮೇಲೆ ಹತ್ತು ಜನರೆದುರು ಕೇಳಿದ್ದ: "ಹಡಗ್ನಾಗೆ ಕುಂತ್ಕಂಡು ಬರೆಯಾಕೆ ಏನೈತ್ಲಾ? ನೀರಿನ ಲೆಕ್ಕ ಬರೀತೀಯಾ?" ನಾನು ಗಂಭೀರವಾಗಿ ವಿವರಿಸಲು ಹೊರಟೆ. "ಬುಡು, ಅದೂ ಒಂದು ಕೆಲ್ಸ ಕಣಪ್ಪ" ಎಂದು ಪಕ್ಕದವರು ಸಮಾಧಾನ ಮಾಡಿದರು. ನನಗಲ್ಲ, ದೊಡ್ಡಪ್ಪನಿಗೆ.

ರೈಟರ್ ಆದರೂ ಈಜು ಪರೀಕ್ಷೆ ತಪ್ಪುವುದಿಲ್ಲ. ನಮ್ಮ ಕಡೆ ಹುಡುಗರು ಈಜು ಕಲಿಯುವುದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು. ಸಿಪ್ಪೆ ತೇಲುತ್ತದೆ, ಸಿಪ್ಪೆಯ ಜೊತೆ ಹುಡುಗನೂ ತೇಲುತ್ತಾನೆ. ಯಾವತ್ತಾದರೊಂದು ದಿನ ಕಾಯಿ ಬಿಚ್ಚಿ ಹಾಕಬೇಕು. ನಾನು ಆ ದಿನವನ್ನು ಮುಂದಕ್ಕೆ ಹಾಕುತ್ತಲೇ ಬಂದು ಹೈಸ್ಕೂಲು ಮುಗಿಸಿದ್ದೆ. ತರಬೇತಿಯ ಕೊಳದ ಹಲಗೆಯ ಮೇಲೆ ನಿಂತಾಗ ಹಿಂದಿದ್ದ ಪಂಜಾಬಿ ಶಿಕ್ಷಕ ಯಾಕೆ ತಡ ಎಂದು ಕೇಳಿದ. ಗಾಬರಿಯಲ್ಲಿ ನಾನು ಸತ್ಯವನ್ನೇ ಹೇಳಿಬಿಟ್ಟೆ: "ತೆಂಗಿನಕಾಯಿ ಇಲ್ಲ ಸರ್." ದೇವರಿಗೆ ಒಡೆಯುವುದಕ್ಕೆ ಕೇಳುತ್ತಿದ್ದಾನೆ ಎಂದುಕೊಂಡ ಆತ, "ಪೂಜೆ ಆಮೇಲೆ" ಎಂದು ಹಿಂದಿನಿಂದ ತಳ್ಳಿದ. ಕಾಯಿ ಇಲ್ಲದೆಯೂ ತೇಲುತ್ತೇನೆಂದು ನನಗೆ ಗೊತ್ತಾದದ್ದು ಹಾಗೆ. ಗೊತ್ತಾದ ಮೇಲೂ ನಂಬಿಕೆ ಬರಲಿಲ್ಲ, ಅದು ಬೇರೆ ಮಾತು.

ಆಮೇಲಿನದೆಲ್ಲ ಮೇಜು, ಮೆಷಿನ್ನು, ಅಂಟು. ಹೌದು, ಅಂಟು. ನೌಕಾಪಡೆಯ ಕಾನೂನು, ನಿಯಮಗಳೆಲ್ಲ ದಪ್ಪ ಪುಸ್ತಕಗಳಲ್ಲಿರುತ್ತವೆ. ಸಂಸತ್ತು ತಿದ್ದುಪಡಿ ಮಾಡಿದಾಗ, ಸರ್ಕಾರ ಹೊಸ ಆದೇಶ ಹೊರಡಿಸಿದಾಗ, ಹೊಸ ಪುಸ್ತಕ ಬರುವುದಿಲ್ಲ. ತಿದ್ದಿದ ಸಾಲುಗಳ ಚೀಟಿ ಬರುತ್ತದೆ. ಅದನ್ನು ಕತ್ತರಿಸಿ ಹಳೆಯ ಸಾಲಿನ ಮೇಲೆ ಅಂಟಿಸುವುದು ರೈಟರ್ ಕೆಲಸ. ಎಪ್ಪತ್ತರ ದಶಕದಲ್ಲಿ ಆ ಚೀಟಿಗಳು ಬಂದ ಹಾಗೆ ನಮ್ಮ ಸೀಮೆಗೆ ಮಳೆ ಬಂದಿದ್ದರೆ ಹುಳಿಯಾರಿನ ಒಣನೆಲದಲ್ಲೂ ಭತ್ತ ಬೆಳೆಯಬಹುದಿತ್ತು. ಕೆಲವು ಪುಟಗಳು ಚೀಟಿಯ ಮೇಲೆ ಚೀಟಿ ಬಿದ್ದು ಒಬ್ಬಟ್ಟಿನಷ್ಟು ದಪ್ಪವಾಗಿದ್ದವು.

ನನಗೆ ಇದನ್ನೆಲ್ಲ ಕಲಿಸಿದವರು ಚೀಫ್ ಕುರುಪ್. ಕಚೇರಿಯ ಹಿರಿಯ ರೈಟರ್, ಪಾಲಕ್ಕಾಡಿನವರು. ಅಂಟಿನ ಬ್ರಷ್ಷು ಹಿಡಿದೇ ಅವರು ನನಗೆ ನೌಕಾಪಡೆಯ ಚರಿತ್ರೆ ಹೇಳಿದ್ದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಡೀ ಪಡೆಯ ಮುಖ್ಯಾಧಿಕಾರಿಗೆ ದಂಡನಾಯಕ ಎಂಬ ಅರ್ಥದ ದೊಡ್ಡ ಬಿರುದಿತ್ತಂತೆ. ಸಂಸತ್ತು ಕಾನೂನು ಮಾಡಿ ಆ ಬಿರುದು ತೆಗೆದುಹಾಕಿತು. ನೀನು ಇನ್ನು ಮೇಲೆ ಸಿಬ್ಬಂದಿಯ ಮುಖ್ಯಸ್ಥ, ಮೇಲೆ ಸರ್ಕಾರವಿದೆ ಎಂದಿತು. ಆಮೇಲೆ ಇಂಗ್ಲಿಷರ ಕಾಲದ ಕಾನೂನು ಹೋಗಿ ನಮ್ಮದೇ ಬಂತು. ಆಮೇಲೆ ಒಂದು ಕಡೆ ಕೂಡಿಕೊಂಡಿದ್ದ ಅಧಿಕಾರವನ್ನು ಕರಾವಳಿಗಳಿಗೆ ಹಂಚಿ ಅಲ್ಲಲ್ಲಿ ಕಮಾಂಡ್‌ಗಳಾದವು, ಒಬ್ಬೊಬ್ಬ ಅಡ್ಮಿರಲ್ ಕೈಕೆಳಗೆ ಒಂದೊಂದು.

"ಇಷ್ಟೊಂದು ಫಿರಂಗಿ ಇದ್ದವರ ಬಿರುದನ್ನು ಖಾದಿ ಟೋಪಿಯವರು ಕೈಯೆತ್ತಿ ತೆಗೆದುಹಾಕಿದರು. ಒಂದು ಗುಂಡು ಹಾರಲಿಲ್ಲ. ಯಾರೋ ಒಬ್ಬ ರೈಟರ್ ಅಂಟು ಹಚ್ಚಿದ, ಮುಗಿಯಿತು" ಎನ್ನುತ್ತಿದ್ದರು ಕುರುಪ್. ನಾನು ಆಗ ನಕ್ಕಿದ್ದೆ. ಅಕ್ಕಪಕ್ಕದ ದೇಶಗಳ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಾಗೆಲ್ಲ ಆ ಮಾತು ಎಷ್ಟು ದೊಡ್ಡದು ಎಂದು ಅನಿಸುತ್ತ ಹೋಯಿತು.

ಈಗ ಶಿವಲಿಂಗನ ವಿಷಯ. ಈ ಬರವಣಿಗೆಗೆ ಕಾರಣನೇ ಅವನು.

ಶಿವಲಿಂಗ ಕಂದಿಕೆರೆ ಕಡೆಯವನು. ನನಗಿಂತ ಐದಾರು ವರ್ಷ ಚಿಕ್ಕವನು. ನಮ್ಮ ಹಡಗಿನಲ್ಲೇ ಸ್ಟೋಕರ್ ಆಗಿದ್ದ. ಕೆಳಗೆ ಬಾಯ್ಲರ್ ಹತ್ತಿರದ ಕೆಲಸ. ಮೇಲೆ ಬಂದಾಗ ಕಣ್ಣು ಕಿರಿದು ಮಾಡಿಕೊಂಡು ಬಿಸಿಲು ನೋಡುತ್ತಿದ್ದ. ಮಾತು ಕಡಿಮೆ. ಹಡಗಿನಲ್ಲಿ ನಮ್ಮ ಸೀಮೆಯ ಮಾತಾಡಲು ನನಗೆ ಅವನೊಬ್ಬ, ಅವನಿಗೆ ನಾನೊಬ್ಬ. ಹಡಗು ಆಗ ಬೀಡುಬಿಟ್ಟಿದ್ದ ನೌಕಾನೆಲೆಯ ಹೆಸರು ಬೇಡ. ಹೆಸರು ಹೇಳಬಾರದೆಂಬುದು ನಮಗೆ ಮೊದಲ ದಿನ ಕಲಿಸಿದ ಪಾಠ, ಇಷ್ಟು ವರ್ಷದ ಮೇಲೂ ಬಾಯಿ ಬರುವುದಿಲ್ಲ.

ಒಂದು ಸಲ ರಜೆಯ ಮೇಲೆ ಊರಿಗೆ ಹೋದವನು ಹೇಳಿದ ದಿನ ಬರಲಿಲ್ಲ. ಮನೆಯಲ್ಲಿ ತೊಂದರೆ, ರಜೆ ಮುಂದುವರಿಸಿ ಎಂದು ತಂತಿ ಬಂತು. ಅಂಥ ತಂತಿಗಳು ನಮ್ಮ ಕಚೇರಿಗೆ ದಿನ ಬೆಳಗಾದರೆ ಬರುತ್ತವೆ. ಆಗುವುದಿಲ್ಲ, ಕೂಡಲೇ ಬಾ ಎಂದು ಉತ್ತರ ಹೋಯಿತು. ಅವನು ಬರಲಿಲ್ಲ. ಹಿಂದಿನ ರಜೆಗಳಲ್ಲೂ ಒಂದೆರಡು ದಿನ ತಡ ಮಾಡಿ ಎಚ್ಚರಿಕೆ ಪಡೆದವನು. ಕೊನೆಗೆ ತಿಂಗಳು ಕಳೆದು ಇನ್ನೊಂದು ತಿಂಗಳು ಅರ್ಧವಾದಾಗ ಹಡಗಿನ ಏಣಿ ಹತ್ತಿ ಬಂದ. ಗಡ್ಡ ಬೋಳಿಸಿದ್ದ, ಸಮವಸ್ತ್ರ ಇಸ್ತ್ರಿ ಮಾಡಿತ್ತು, ಕೈಯಲ್ಲೊಂದು ಗಂಟು.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದೆ.

"ಊರಿಗೆ ಹೋಗಿದ್ದೆ ಕಣಣ್ಣ."

"ಊರಿಗೆ ಹೋಗಿದ್ದು ಗೊತ್ತು ಕಣ್ಲಾ. ವಾಪಸ್ ಬರಾಕೆ ಏನಾಗಿತ್ತು ನಿಂಗೆ?"

"ಬಂದಿವ್ನಲ್ಲ ಈಗ." ಗಂಟು ಬಿಚ್ಚಿದ. "ಅವ್ವ ಕೊಬ್ರಿ ಮಿಠಾಯಿ ಕೊಟ್ಟವ್ಳೆ, ತಗಳಿ."

ತಲೆಯ ಮೇಲೆ ಕೆಲಸ ಹೋಗುವ ಕತ್ತಿ ತೂಗುತ್ತಿರುವವನು ಮಿಠಾಯಿ ಹಂಚುತ್ತಿದ್ದ. ಚಿಂತೆ ಮಾಡುವ ಕೆಲಸವನ್ನು ಅವನ ಪರವಾಗಿ ನಾನೇ ವಹಿಸಿಕೊಂಡೆ. ಆ ವಿಷಯದಲ್ಲಿ ನನಗೆ ಯಾರ ಸಹಾಯವೂ ಬೇಡ. ಮಿಠಾಯಿಯನ್ನೂ ತಿಂದೆ.

ನಮ್ಮ ಕ್ಯಾಪ್ಟನ್ ದೇಶಮುಖ್ ಎಂಬುವರು. ಕುಳ್ಳಗಿನ ಮನುಷ್ಯ, ಓದುವಾಗ ಮಾತ್ರ ಕನ್ನಡಕ. ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಬೈಯಬಾರದೆ, ಇದಕ್ಕಿಂತ ಅದೇ ವಾಸಿಯಿತ್ತು ಎಂದು ಅನಿಸುವಷ್ಟು ಶಾಂತವಾಗಿ ಮಾತಾಡುತ್ತಿದ್ದರು. ತಪ್ಪು ಮಾಡಿದವನನ್ನು ಅವರ ಮೇಜಿನ ಮುಂದೆ ನಿಲ್ಲಿಸಿ, ಮೊದಲು ಟೋಪಿ ತೆಗೆಸಿ, ಆಮೇಲೆ ಆರೋಪ ಓದುವುದು ಪದ್ಧತಿ. ಶಿವಲಿಂಗ ಟೋಪಿ ತೆಗೆದು ನಿಂತ. ನಾನು ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದೆ.

"ಬಾ ಎಂದು ನಾವು ಕಳಿಸಿದ ತಂತಿ ತಲುಪಿತೇ?" ಕ್ಯಾಪ್ಟನ್ ಹಿಂದಿಯಲ್ಲಿ ಕೇಳಿದರು.

"ತಲುಪಿತು ಸರ್."

"ಆದರೂ ಬರಲಿಲ್ಲ."

"ತಪ್ಪಾಯಿತು ಸರ್."

"ಯಾಕೆ ಬರಲಿಲ್ಲ? ಹೇಳುವುದೇನಾದರೂ ಇದ್ದರೆ ಹೇಳು."

"ತಪ್ಪಾಯಿತು ಸರ್."

ಕ್ಯಾಪ್ಟನ್ ಇನ್ನೊಮ್ಮೆ ಕೇಳಿದರು, ಅದೇ ಉತ್ತರ ಬಂತು.

ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಹಿರಿಯರ ಮುಂದೆ ನಿಲ್ಲಿಸಿದಾಗ ಯಾರೂ ಕಾರಣ ಹೇಳುತ್ತ ಕೂರುವುದಿಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕಳಿ ಎಂದು ಕೈ ಮುಗಿದರೆ ಅಲ್ಲಿಗೆ ಮುಗಿಯಿತು. ಹಿರಿಯರಿಗೆ ಕಾರಣ ಮೊದಲೇ ಗೊತ್ತಿರುತ್ತದೆ; ಊರಿಗೇ ಗೊತ್ತಿರುತ್ತದೆ. ಅವರು ಎರಡು ಮಾತು ಬೈದು ಮನೆಗೆ ಕಳಿಸುತ್ತಾರೆ. ಕಾರಣ ಹೇಳಿದವನೇ ಉದ್ಧಟ. ಆದರೆ ಕ್ಯಾಪ್ಟನ್ ಮೇಜಿನ ಮುಂದೆ ಅದೇ ಮಾತಿಗೆ ಬೇರೆ ಬೆಲೆ. ಆರೋಪಿ ಒಪ್ಪಿಕೊಂಡ, ಹೇಳಿಕೊಳ್ಳುವುದು ಏನೂ ಇಲ್ಲ. ಅಲ್ಲಿ ಹೊಟ್ಟೆಗೆ ಹಾಕಿಕೊಳ್ಳುವ ಕಲಮು ಇಲ್ಲ. ಅಷ್ಟು ಚೀಟಿ ಅಂಟಿಸಿದ ನಾನು ಖಾತ್ರಿಯಾಗಿ ಹೇಳಬಲ್ಲೆ.

ಸೆರೆವಾಸ, ಅದು ಮುಗಿದ ಮೇಲೆ ಸೇವೆಯಿಂದ ವಜಾ. ಅಷ್ಟು ದೊಡ್ಡ ಶಿಕ್ಷೆಯನ್ನು ಕ್ಯಾಪ್ಟನ್ ತಾವೇ ಜಾರಿ ಮಾಡುವ ಹಾಗಿಲ್ಲ. ವಾರಂಟ್ ಎಂಬ ಆದೇಶ ಬರೆದು ಮೇಲಧಿಕಾರಿಯ ಒಪ್ಪಿಗೆ ಪಡೆಯಬೇಕು. ಆ ಮೇಲಧಿಕಾರಿ ಯಾರು ಎಂಬುದೇ ಮುಂದಿನ ಕತೆಯೆಲ್ಲ.

ಅದೇ ವಾರ ನಮ್ಮ ನೆಲೆಯ ದರ್ಜೆ ಏರಿತು. ಅದುವರೆಗೆ ಸಣ್ಣ ವಲಯವಾಗಿದ್ದದ್ದು ಪೂರ್ಣ ಕಮಾಂಡ್ ಆಯಿತು. ಬೆಳಿಗ್ಗೆ ಬ್ಯಾಂಡು ಬಾರಿಸಿದರು. ಹಳೆಯ ವಲಯದ ಬಾವುಟ ಇಳಿಯಿತು, ಹೊಸ ಅಡ್ಮಿರಲ್ ಬಾವುಟ ಏರಿತು, ಸಾಲಾಗಿ ನಿಂತ ಹಡಗುಗಳೆಲ್ಲ ಗೌರವ ಸಲ್ಲಿಸಿದವು. ಬಾವುಟ ಏರಿದ ಕ್ಷಣ ಅಧಿಕಾರ ಬದಲಾಗುತ್ತದೆ ಎಂಬುದು ನಾವಿಕರ ರಕ್ತದಲ್ಲಿರುವ ನಂಬಿಕೆ. ಶಿವಲಿಂಗನ ವಾರಂಟು ಸಹಜವಾಗಿ ಹೊಸ ಅಡ್ಮಿರಲ್ ಕಡೆ ಹೋಯಿತು. ಟೈಪ್ ಮಾಡಿದವನು ನಾನೇ. ಅಡ್ಮಿರಲ್ ಅವರ ಹೊಸ ಹುದ್ದೆಯ ಹೆಸರು ಒಂದು ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಮುರಿದರೆ ಅಗೌರವವಾಗುತ್ತದೋ ಏನೋ ಎಂದು ಅರ್ಧ ದಿನ ಒದ್ದಾಡಿದೆ. ಒದ್ದಾಡಬೇಕಾದ ವಿಷಯ ಬೇರೆಯಿತ್ತು ಎಂಬುದು ಹೊಳೆಯಲೇ ಇಲ್ಲ. ಹದಿನೈದು ವರ್ಷದಲ್ಲಿ ನಾನು ಪಟ್ಟ ಚಿಂತೆಗಳಲ್ಲಿ ಸರಿಯಾದ ಜಾಗಕ್ಕೆ ಬಿದ್ದದ್ದು ಬೆರಳೆಣಿಕೆಯಷ್ಟು.

ಒಪ್ಪಿಗೆ ಬೇಗ ಬಂತು. ಹಡಗಿನ ಮೇಲೆ ಎಲ್ಲರನ್ನೂ ಸೇರಿಸಿ ವಾರಂಟು ಓದಿದರು. ಶಿವಲಿಂಗನನ್ನು ದಡದ ಸೆರೆಮನೆಗೆ ನಡೆಸಿಕೊಂಡು ಹೋದರು. ಹೋಗುವಾಗ ನನ್ನ ಕಡೆ ನೋಡಿ, "ಮಿಠಾಯಿ ಗಂಟು ನಿಮ್ತಾವ್ಲೆ ಇರ್ಲಿ, ಇರುವೆ ಮುತ್ಕಂಡಾವು" ಎಂದ.

ಎರಡು ಮೂರು ದಿನ ಕಳೆದಿರಬೇಕು. ಬೆಳಿಗ್ಗೆ ಕುರುಪ್ ಚಹಾ ಕುಡಿಯುತ್ತಿದ್ದರು, ನಾನು ಅಂಟು ಕಲಸುತ್ತಿದ್ದೆ. ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದರು. ಹಡಗಿನ ಕ್ಯಾಪ್ಟನ್ ರೈಟರ್‌ಗಳ ಕೋಣೆಗೆ ಬರುವುದಿಲ್ಲ, ಹೇಳಿ ಕಳಿಸುತ್ತಾರೆ. ಕುರುಪ್ ಎದ್ದ ರಭಸಕ್ಕೆ ಚಹಾ ನನ್ನ ಚೀಟಿಗಳ ಮೇಲೆ ಹೋಯಿತು.

"ಹೊಸ ಕಮಾಂಡಿಗೆ ವಾರಂಟ್ ಒಪ್ಪುವ ಅಧಿಕಾರ ಕೊಟ್ಟ ಸರ್ಕಾರದ ಆದೇಶ ಎಲ್ಲಿದೆ, ಕುರುಪ್?"

ಕುರುಪ್ ದಡದ ಕಡೆ ಕೈ ತೋರಿಸಿದರು. "ಸರ್, ಬಾವುಟ ಏರಿದೆಯಲ್ಲ."

"ಬಾವುಟ ನಾನೂ ನೋಡಿದೆ. ಸೆಲ್ಯೂಟೂ ಹೊಡೆದೆ. ಆದೇಶ ಎಲ್ಲಿ?"

"ದೆಹಲಿಯಿಂದ ಬರುತ್ತದೆ ಸರ್. ಬಂದೇ ಬರುತ್ತದೆ."

"ಬಂದಿಲ್ಲ ಅನ್ನಿ." ಕ್ಯಾಪ್ಟನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಹಳೆಯ ವಲಯ ಇಲ್ಲವಾಗಿದೆ. ಹೊಸ ಕಮಾಂಡಿಗೆ ಆ ಅಧಿಕಾರ ಇನ್ನೂ ಬಂದಿಲ್ಲ. ಹಾಗಾದರೆ ಆ ಹುಡುಗ ಯಾರ ಅಧಿಕಾರದ ಮೇಲೆ ಒಳಗಿದ್ದಾನೆ?"

ಕುರುಪ್ ನಿಯಮಪುಸ್ತಕದ ಕಡೆ ಕೈ ಚಾಚಿದರು.

"ನನ್ನ ಅಧಿಕಾರದ ಮೇಲೆ. ನನಗೆ ಆ ಅಧಿಕಾರ ಇಲ್ಲ" ಎಂದು ಕ್ಯಾಪ್ಟನ್ ತಾವೇ ಉತ್ತರ ಹೇಳಿ, ಟೋಪಿ ಹಾಕಿಕೊಂಡು ನೇರ ಅಡ್ಮಿರಲ್ ಕಚೇರಿಗೆ ಹೋದರು.

ನಮ್ಮ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ನಮ್ಮಪ್ಪ ಅಣ್ಣನಿಗೆ ಯಜಮಾನಿಕೆ ಬಿಟ್ಟುಕೊಟ್ಟ ದಿನ ಮನೆಯಲ್ಲಿ ಪಾಯಸವಾಗಿತ್ತು. ಅಟ್ಟದ ಬೀಗದಕೈ ಅಣ್ಣನ ಸೊಂಟಕ್ಕೆ ಬಂತು. ಕೊಬ್ಬರಿ ಯಾವಾಗ ಸುಲಿಸಬೇಕು, ತಿಪಟೂರು ಮಂಡಿಗೆ ಯಾವಾಗ ಹೊಡೆಸಬೇಕು ಎಲ್ಲ ಅಣ್ಣನ ಮಾತು. ಆದರೆ ತೋಟದ ಅಂಚಿನ ಜಾಗವನ್ನು ಪಕ್ಕದವರಿಗೆ ಬಿಟ್ಟುಕೊಡಲು ಒಪ್ಪಿ ಸಹಿ ಹಾಕಲು ಹೋದಾಗ ತಾಲೂಕು ಕಚೇರಿಯವರು ಪಹಣಿ ತೆಗೆದು ತೋರಿಸಿದರು. ಎಲ್ಲ ಅಪ್ಪನ ಹೆಸರಿನಲ್ಲೇ ಇತ್ತು. ಯಜಮಾನಿಕೆ ಪಾಯಸದಿಂದ ಬಂದಿತ್ತು, ಹಕ್ಕು ಬಂದಿರಲಿಲ್ಲ. ಇಡೀ ನೌಕಾನೆಲೆ ಆ ವಾರ ನಮ್ಮಣ್ಣನ ಸ್ಥಿತಿಯಲ್ಲಿತ್ತು.

ಒಂದು ಮಾತು ಹುಡುಗರು ಗಮನಿಸಬೇಕು. ಇದನ್ನು ಯಾರೂ ಕೇಳಿರಲಿಲ್ಲ. ಶಿವಲಿಂಗ ದೂರು ಕೊಟ್ಟಿರಲಿಲ್ಲ. ಅವನಿಗೆ ದೂರುವುದೇ ಬರುವುದಿಲ್ಲ. ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಆದೇಶ ಬರುತ್ತಿತ್ತು, ಯಾರ ಗಮನಕ್ಕೂ ಬಾರದೆ ಹುಡುಗ ವಜಾ ಆಗಿ ಕಂದಿಕೆರೆ ಬಸ್ಸು ಹತ್ತುತ್ತಿದ್ದ. ಕ್ಯಾಪ್ಟನ್ ತಾವೇ ಕೇಳಿಕೊಂಡರು, ತಾವೇ ಉತ್ತರ ಹೇಳಿಕೊಂಡರು. ಅಡ್ಮಿರಲ್ ಕೂಡ ಎಲ್ಲವನ್ನೂ ನಿಂತೇ ಕೇಳಿ, "ಮೊದಲು ಬಾಗಿಲು ತೆಗೆಸಿ, ಉಳಿದದ್ದು ಆಮೇಲೆ" ಎಂದರಂತೆ. ಇಬ್ಬರ ಬಗ್ಗೆಯೂ ನನಗೆ ಇವತ್ತಿಗೂ ಗೌರವ. ಭಯವೂ ಸ್ವಲ್ಪ ಇದೆ, ಅದು ನನ್ನ ಸ್ವಂತದ್ದು.

ಬಿಡುಗಡೆಯ ಕಾಗದ ಹಿಡಿದು ಸೆರೆಮನೆಗೆ ಹೋದವನು ನಾನು. ಶಿವಲಿಂಗ ನೆಲ ಒರೆಸುತ್ತಿದ್ದ.

"ಏಳು, ಆಚೆ ಬಾ" ಎಂದೆ.

"ಮುಗೀತಾ?"

"ಮುಗೀಲಿಲ್ಲ. ರದ್ದಾಯ್ತು. ಕ್ಯಾಪ್ಟನ್ನು ಇನ್ನೊಂದ್ಸಲ ವಿಚಾರಣೆ ಮಾಡ್ತಾರಂತೆ."

ಬಟ್ಟೆ ಹಿಂಡಿ ಇನ್ನೊಂದು ಮೂಲೆಗೆ ಹೋದ. "ಒಂದ್ಸಲ ಆಯ್ತಲ್ಲಣ್ಣ. ದೊಡ್ಡೋರು ಹೇಳ್ಯವ್ರೆ. ನನ್ನ ಪಾಲಿಂದು ಮುಗಿಸ್ಕಂಡು ಬತ್ತೀನಿ, ಬುಡಿ."

"ಲೇ, ಜೈಲಲ್ಲಿ ಪಾಲು ಕೇಳ್ತೀಯೇನ್ಲಾ? ಎದ್ದೇಳು."

ಕಾವಲಿನವನಿಗೆ ಕನ್ನಡ ಬರುತ್ತಿರಲಿಲ್ಲ. ಬಾಗಿಲು ತೆರೆದಿದ್ದರೂ ಕೈದಿ ಯಾಕೆ ಜಗಳವಾಡುತ್ತಿದ್ದಾನೆಂದು ನನ್ನನ್ನು ಕೇಳಿದ. ನೆಲ ಪೂರ್ತಿ ಒಣಗಿಲ್ಲವಂತೆ ಎಂದು ಏನೋ ಹೇಳಿದೆ.

ದಾರಿಯಲ್ಲಿ ಅವನ ಹಿಂದೆ ಬಿದ್ದೆ. "ಈ ಸಲ ಬಾಯಿ ಬಿಡು. ಮನೇಲಿ ಏನಾಗಿತ್ತು?"

"ಅದು ಮನೆ ಇಚಾರ."

"ಮನೆ ವಿಚಾರ ಹೇಳ್ದಿದ್ರೆ ಮನೆಗೇ ಕಳಿಸ್ತಾರೆ ಕಣ್ಲಾ."

"ದೊಡ್ಡೋರ ಮುಂದೆ ನಿಂತ್ಕಂಡು ಹಿಂಗಾಯ್ತು ಹಂಗಾಯ್ತು ಅಂತ ಸಬೂಬು ಹೇಳಾಕಾಯ್ತದಾ? ನೀವಾದ್ರೆ ಹೇಳ್ತಿದ್ರಾ?"

ನಾನಾದರೆ ಕೇಳುವುದಕ್ಕೆ ಮೊದಲೇ ಎಲ್ಲ ಹೇಳಿ, ಹೇಳಿದ್ದು ಸಾಲದೇನೋ ಎಂದು ಮತ್ತೆ ಹೋಗಿ ಹೇಳಿ ಬರುತ್ತಿದ್ದೆ. ಅದನ್ನು ಅವನಿಗೆ ತಿಳಿಸಲಿಲ್ಲ.

ಮರುದಿನ ಮತ್ತೆ ಮೇಜು, ಮತ್ತೆ ಟೋಪಿ ತೆಗೆಸಿದ್ದು. ಈ ಸಲ ಕ್ಯಾಪ್ಟನ್ ಅವನ ಹಿಂದಿಗೆ ಕಾಯಲಿಲ್ಲ. "ನಿನ್ನ ಭಾಷೆಯಲ್ಲೇ ಹೇಳು. ರೈಟರ್ ತಿಳಿಸುತ್ತಾನೆ" ಎಂದರು. ದುಭಾಷಿಯ ಕೆಲಸ ನನಗೆ ಬಿತ್ತು.

ಅವರು ಕೇಳಿದ ಮೊದಲ ಪ್ರಶ್ನೆಗೇ ಶಿವಲಿಂಗ, "ತಪ್ಪಾಯ್ತು ಸಾ" ಎಂದ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಕ್ಯಾಪ್ಟನ್ ಕಾಗದ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಯಾವುದು ತಪ್ಪು?"

ನಾನು ತಿಳಿಸಿದೆ. ಶಿವಲಿಂಗ ನನ್ನ ಮುಖ ನೋಡಿದ. ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ.

"ಯಾವ್ದು ಅಂದ್ರೆ?"

"ತಪ್ಪಾಯಿತು ಎನ್ನುತ್ತಿದ್ದೀಯಲ್ಲ. ಏನು ತಪ್ಪಾಯಿತು? ನೀನೇ ಹೇಳು."

ಕೆಳಗೆಲ್ಲೋ ಪಂಪು ನಡೆಯುವ ಸದ್ದು. ನಂತರ ಅವನು ಮಾತಾಡಿದ. ಕ್ಯಾಪ್ಟನ್ನಿಗಲ್ಲ, ಮೇಜಿನ ಅಂಚಿಗೆ ಹೇಳುವ ಹಾಗೆ.

"ನಾನು ಎಳ್ನೀರು ಕೇಳ್ಬಾರ್ದಿತ್ತು ಸಾ. ಊರಿಗೆ ಹೋದ ದಿನ. ಬಾವಿ ತಾವ ಒಂದು ಮರ ಐತೆ, ನೀರು ಬೋ ಸೀ. ಅಲ್ಲಿ ಹಡಗ್ನಾಗೆ ಅದೇ ಗ್ಯಾನ ಕಣಣ್ಣ ಅಂದೆ ನಮ್ಮಣ್ಣಂಗೆ. ಕೀಳೋ ಆಳು ಬರಾದು ಸಂಜಿಗೆ. ಅಲ್ಲೀಗಂಟ ಯಾಕೆ ಕಾಯ್ತೀಯ ಅಂತ ಅವ್ನೇ ಹತ್ತಿದ. ಅವ್ನು ಮರ ಹತ್ತಿ ಎಷ್ಟೋ ವರ್ಸ ಆಗಿತ್ತು. ನಾನು ಕೆಳಗ್ ನಿಂತ್ಕಂಡು ನೋಡ್ತಿದ್ದೆ. ನಗ್ತಿದ್ದೆ."

ನಿಲ್ಲಿಸಿದ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಬಹಳ ಚಿಕ್ಕದಾಯಿತು. ಮುಂದುವರಿಸಲಿ ಎಂದು ಕ್ಯಾಪ್ಟನ್ ಕೈ ಮಾಡಿದರು.

"ಸೊಂಟ ಮುರೀತು. ತಿಪಟೂರಾಗಾಗ್ಲಿಲ್ಲ, ಬೆಂಗ್ಳೂರಿಗೆ ತಗಂಡು ಹೋದೊ. ಅವ್ನ ಎತ್ತಿ ಮಗ್ಗುಲಾಗ್ಸಾಕೆ ಗಂಡಾಳು ಬೇಕು. ಅತ್ತಿಗೆ ಬಸ್ರಿ. ಅವ್ವನ ಕೈಲಾಗಲ್ಲ. ತಂತಿ ಬಂತು, ಓದ್ದೆ. ಎಂಗ್ ಬುಟ್ಟು ಬರಾನ ಸಾ? ನನ್ಗೇ ಎಳ್ನೀರು ಕೀಳಾಕೆ ಹತ್ತಿದ್ದ."

ಇದನ್ನು ಅನುವಾದಿಸುವಾಗ ನನ್ನ ಇಂಗ್ಲಿಷು ಎರಡು ಸಲ ಕೈಕೊಟ್ಟಿತು. ಮೇಜಿನ ಬದಿಗೆ ನಿಂತಿದ್ದ ಕುರುಪ್ ಗೋಡೆಯ ಕಡೆ ನೋಡುತ್ತಿದ್ದರು.

"ಈಗ ಅಣ್ಣ ಹೇಗಿದ್ದಾನೆ?"

"ಕುಂತ್ಕಂತಾನೆ ಸಾ. ಗ್ವಾಡೆ ಒರಕ್ಕಂಡು."

ಕ್ಯಾಪ್ಟನ್ ಕನ್ನಡಕ ಹಾಕಿಕೊಂಡು ಮುಂದಿದ್ದ ನಿಯಮಪುಸ್ತಕದ ಒಂದು ಪುಟ ಓದಿದರು. ಓದಿ ಮುಚ್ಚಿದರು. ಅವರು ಹೇಳಿದ್ದನ್ನು ನಾನು ಅಂದು ತಿಳಿಸಿದ ಹಾಗೆಯೇ ಇಲ್ಲಿ ಬರೆಯುತ್ತೇನೆ.

"ಕರೆದಾಗ ಬರಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ. ಅದು ತಪ್ಪು. ಅದಕ್ಕೆ ನಾನು ಶಿಕ್ಷೆ ಕೊಡುತ್ತೇನೆ, ನನ್ನ ಅಧಿಕಾರದೊಳಗೆ ಇರುವಷ್ಟು. ಮರದ ವಿಷಯ ಈ ಮೇಜಿನ ವ್ಯಾಪ್ತಿಗೆ ಬರುವುದಿಲ್ಲ. ಅದರ ಮೇಲೆ ನನಗಾಗಲಿ, ಅಡ್ಮಿರಲ್‌ಗಾಗಲಿ, ದೆಹಲಿಗಾಗಲಿ ಅಧಿಕಾರವಿಲ್ಲ. ಅದಕ್ಕೆ ನೀನು ಇಲ್ಲಿ ಶಿಕ್ಷೆ ಕೇಳಬೇಡ."

ಶಿವಲಿಂಗ ತಲೆಯಾಡಿಸಿದ. ಅರ್ಥವಾಯಿತೇ ಎಂದು ಕ್ಯಾಪ್ಟನ್ ಕೇಳಿದರು. "ಆಯ್ತು ಸಾ" ಎಂದವನು, ನನ್ನ ಕಡೆ ತಿರುಗಿ ಮೆಲ್ಲಗೆ, "ಹಂಗಾರೆ ಇಲ್ಲೇ ಇರಾದಾ ನಾನು?" ಎಂದ. ಅದನ್ನು ನಾನು ಅನುವಾದಿಸಲಿಲ್ಲ. ಕ್ಯಾಪ್ಟನ್ನಿಗೆ ಹೇಗೋ ತಿಳಿಯಿತು. "ಇಂಜಿನ್ ಕೋಣೆಯವರು ಆಳಿಲ್ಲ ಎಂದು ದಿನಾ ಗೊಣಗುತ್ತಾರೆ. ಹೋಗು" ಎಂದರು.

ಸ್ವಲ್ಪ ಸಂಬಳ ಹೋಯಿತು, ತೋಳಿನ ಮೇಲಿದ್ದ ಸನ್ನಡತೆಯ ಪಟ್ಟಿ ಹೋಯಿತು, ಕೆಲವು ತಿಂಗಳು ದಡಕ್ಕೆ ಹೋಗುವ ಹಾಗಿರಲಿಲ್ಲ. ಕೆಲಸ ಉಳಿಯಿತು.

ಆ ಸಂಜೆ ಕ್ಯಾಪ್ಟನ್ ನನ್ನನ್ನು ಕರೆಸಿ ಒಂದು ವರದಿ ಟೈಪ್ ಮಾಡಿಸಿದರು, ಅಡ್ಮಿರಲ್ ಮೂಲಕ ದೆಹಲಿಗೆ. ಅಧಿಕಾರವಿಲ್ಲದೆ ಒಬ್ಬ ನಾವಿಕನನ್ನು ಸೆರೆಯಲ್ಲಿ ಇರಿಸಿದ್ದೆ, ಪರಿಶೀಲಿಸಬೇಕಾದದ್ದು ನನ್ನ ಕರ್ತವ್ಯವಾಗಿತ್ತು ಎಂದಷ್ಟೇ. ಬಾವುಟದ ಮಾತಿಲ್ಲ, ದೆಹಲಿಯ ವಿಳಂಬದ ಮಾತಿಲ್ಲ, ನಮ್ಮ ಕಚೇರಿಯ ಮಾತೂ ಇಲ್ಲ. "ಸರ್, ಆದೇಶ ತಡವಾಯಿತೆಂದು ಒಂದು ಸಾಲು ಸೇರಿಸಲೇ?" ಎಂದೆ. "ನಿಮ್ಮ ಕಡೆಯವನು ಆ ಹುಡುಗ. ಸಬೂಬು ಹೇಳದಿರುವುದನ್ನಾದರೂ ಅವನಿಂದ ಕಲಿಯೋಣ" ಎಂದರು. ಅವರ ಮೇಲೆ ಮುಂದೆ ಏನು ಕ್ರಮವಾಯಿತೋ ನನಗೆ ಗೊತ್ತಿಲ್ಲ. ಅಷ್ಟು ಮೇಲಿನ ಸುದ್ದಿ ರೈಟರ್‌ಗಳವರೆಗೆ ಇಳಿಯುವುದಿಲ್ಲ.

ಸರ್ಕಾರದ ಆದೇಶ ಕೆಲವೇ ದಿನದಲ್ಲಿ ಬಂತು. ಅದರ ಜೊತೆ ಚೀಟಿಗಳ ಕಟ್ಟು. ಈಗ ಹೊಸ ಕಮಾಂಡಿಗೆ ಎಲ್ಲ ಅಧಿಕಾರ ಕಾನೂನಿನ ಪ್ರಕಾರ ಇತ್ತು. ಹಳೆಯ ವಾರಂಟನ್ನು ಏನು ಮಾಡುವುದೆಂದು ಕುರುಪ್ ಕೇಳಿದರು. ಅದು ಹುಟ್ಟಲೇ ಇಲ್ಲ ಎಂದುಕೊಳ್ಳಿ ಎಂದು ಕ್ಯಾಪ್ಟನ್ ಹೇಳಿದರು. ಹೊಸ ಕಮಾಂಡ್ ಎಂದ ಮೇಲೆ ಹೊಸ ಕಚೇರಿ, ಹೊಸ ಕಚೇರಿ ಎಂದ ಮೇಲೆ ರೈಟರ್‌ಗಳು. ಹಡಗುಗಳಿಂದ ಒಬ್ಬೊಬ್ಬರನ್ನು ಕಿತ್ತು ಅಲ್ಲಿಗೆ ಹಾಕಿದರು. ನನ್ನನ್ನೂ ಹಾಕಿದರು. ನನ್ನ ಮೇಜು ಬಂದರಿನ ಕಡೆಯ ಕಿಟಕಿಗೆ ಬಂತು.

ಈ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಹೇಳುವುದು ಇಷ್ಟೆ. ಅಲ್ಲಿ ನಿಮ್ಮ ತಲೆಯ ಮೇಲೆ ಕೂತವರ ತಲೆಯ ಮೇಲೂ ಒಂದು ಪುಸ್ತಕ ಕೂತಿರುತ್ತದೆ. ಅದನ್ನು ಒಪ್ಪಿ ನಡೆಯುವವರು ಅಲ್ಲಿ ಹೆಚ್ಚು ಜನ ಇದ್ದಾರೆ. ನಾನು ಕಂಡ ಹಾಗೆ. ಮೇಜಿನ ಮುಂದೆ ನಿಂತಾಗ ನಡೆದದ್ದನ್ನು ಹೇಳಿ. ಹೇಳುವುದು ಎದುರು ಮಾತಾಡಿದಂತಲ್ಲ. ಇದನ್ನು ಬಾಯಿಂದ ಹೇಳಿದರೆ ನಮ್ಮ ಹುಡುಗರು ತಲೆಯಾಡಿಸುತ್ತಾರೆ, ಅಲ್ಲಿಗೆ ಹೋಗಿ ತಪ್ಪಾಯ್ತು ಸರ್ ಎಂದೇ ನಿಲ್ಲುತ್ತಾರೆ. ಅದಕ್ಕೇ ಬರೆದಿಟ್ಟೆ.

ಹೊಸ ಕಚೇರಿಗೆ ಹೋದ ಸ್ವಲ್ಪ ದಿನಕ್ಕೆ ನಮ್ಮ ಹಡಗು ಬಂದರು ಬಿಟ್ಟಿತು. ನಾನು ಕಿಟಕಿಯಲ್ಲಿ ನಿಂತೆ. ಮೇಲಿನ ಅಂತಸ್ತಿನಲ್ಲಿ ಬಿಳಿ ಬಟ್ಟೆಯವರು ಸಾಲಾಗಿ ನಿಂತಿದ್ದರು, ಎತ್ತರದಲ್ಲಿ ಕ್ಯಾಪ್ಟನ್ ಟೋಪಿ ಕಂಡಂತಾಯಿತು. ಶಿವಲಿಂಗ ಕಾಣಲಿಲ್ಲ. ಸ್ಟೋಕರ್‌ಗಳು ಯಾವತ್ತೂ ಕಾಣುವುದಿಲ್ಲ, ಕೆಳಗಿರುತ್ತಾರೆ. ಹೊಗೆಕೊಳವೆಯಿಂದ ಅವನ ಹೊಗೆ ಮಾತ್ರ ಏಳುತ್ತಿತ್ತು. ಹಡಗು ಬಂದರಿನ ಬಾಯಿ ದಾಟಿ ತಿರುಗುವವರೆಗೂ ನೋಡಿದೆ. ಹೊಗೆ ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಕಪ್ಪಗಿದೆಯೇನೋ, ಇಂಜಿನಿಯರ್ ಸಾಹೇಬರು ಈಗ ಅವನನ್ನು ಬೈಯುತ್ತಿದ್ದಾರೇನೋ ಎಂದು ಇಡೀ ಮಧ್ಯಾಹ್ನ ಯೋಚನೆಯಾಗಿತ್ತು.